ವಿಮೋಚನಕಾಂಡ ಇಲ್ಲದ ಬೈಬಲ್

"ಶಾಸ್ತ್ರದಲ್ಲೇ ಹಾಗಿದೆ, ಇನ್ನೇನು ಚರ್ಚೆ?" ಅಂತ ಯಾರಾದರೂ ಮಾತು ಮುಗಿಸಿದರೆ ನನಗೆ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪುಸ್ತಕ ನೆನಪಾಗುತ್ತೆ. ವೆಸ್ಟ್ ಇಂಡೀಸ್‌ನ ಬ್ರಿಟಿಷ್ ದ್ವೀಪಗಳಲ್ಲಿದ್ದ ಕಪ್ಪು ಗುಲಾಮರಿಗೆಂದೇ ಆರಿಸಿ ತೆಗೆದ ಬೈಬಲ್ ಭಾಗಗಳು ಅದರಲ್ಲಿವೆ. ಪ್ರಾಟೆಸ್ಟಂಟರ ಪೂರ್ತಿ ಬೈಬಲಿನಲ್ಲಿ 1189 ಅಧ್ಯಾಯ. ಈ ಪುಸ್ತಕದಲ್ಲಿ ಉಳಿದದ್ದು 232!

ಬಿಟ್ಟಿದ್ದು ಏನನ್ನು ಗೊತ್ತಾ? ಇಸ್ರಾಯೇಲರು ಐಗುಪ್ತದ ದಾಸ್ಯದಿಂದ ಬಿಡುಗಡೆಯಾಗಿ ಹೊರಟ ಕಥೆಯನ್ನು. ಹತ್ತು ಆಜ್ಞೆಗಳು ಇವೆ, ಬಿಡುಗಡೆ ಇಲ್ಲ. ಕನ್ನಡ ಬೈಬಲಿನಲ್ಲಿ ಆ ಪುಸ್ತಕದ ಹೆಸರೇ ವಿಮೋಚನಕಾಂಡ. ಗುಲಾಮರ ಬೈಬಲಿನಲ್ಲಿ ವಿಮೋಚನೆಗೇ ಕತ್ತರಿ! ಕ್ರಿಸ್ತನಲ್ಲಿ ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎನ್ನುವ ಗಲಾತ್ಯದವರ ಪತ್ರಿಕೆಯ ವಾಕ್ಯವೂ ಮಾಯ. ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಎನ್ನುವ ಎಫೆಸದವರ ಪತ್ರಿಕೆಯ ಮಾತು ಮಾತ್ರ ಭದ್ರವಾಗಿದೆ.

ಇದು ಶುದ್ಧ ಮೋಸ ಅಂದುಬಿಡಬಹುದು, ಸುಲಭ. ಕಷ್ಟದ ಪ್ರಶ್ನೆ ಬರುವುದು ಪೂರ್ತಿ ಬೈಬಲನ್ನೇ ಓದಿಕೊಂಡು ಜಗಳವಾಡಿದ ಅಮೆರಿಕದಲ್ಲಿ. ಗುಲಾಮಗಿರಿಯ ಕಾರಣಕ್ಕೇ 1844ರಲ್ಲಿ ಅಲ್ಲಿನ ಮೆಥಡಿಸ್ಟರು ಒಡೆದರು, 1845ರಲ್ಲಿ ದಕ್ಷಿಣದ ಬ್ಯಾಪ್ಟಿಸ್ಟರು ಬೇರೆ ಸಂಸ್ಥೆ ಕಟ್ಟಿಕೊಂಡರು. ಗುಲಾಮಗಿರಿಯ ಪರ ಇದ್ದವರ ವಾದ ನೇರವಾಗಿತ್ತು. ಅಬ್ರಹಾಮನಿಗೆ ದಾಸರಿದ್ದರು, ಮೋಶೆಯ ಕಟ್ಟಳೆ ದಾಸರನ್ನು ಇಟ್ಟುಕೊಳ್ಳಲು ಬಿಟ್ಟಿತು, ಪೌಲ ಒನೇಸಿಮನನ್ನು ಅವನ ಒಡೆಯ ಫಿಲೆಮೋನನ ಬಳಿಗೇ ಕಳಿಸಿದ. ವಿರೋಧಿಗಳ ಕೈಲೂ ವಾಕ್ಯಗಳಿದ್ದವು. ಮನುಷ್ಯನನ್ನು ಕದ್ದು ಮಾರಿದವನಿಗೆ ಮರಣದಂಡನೆ ಅನ್ನುತ್ತೆ ವಿಮೋಚನಕಾಂಡ. ತಪ್ಪಿಸಿಕೊಂಡು ಬಂದ ದಾಸನನ್ನು ಒಡೆಯನಿಗೆ ಹಿಡಿದುಕೊಡಬೇಡ ಅನ್ನುತ್ತೆ ಧರ್ಮೋಪದೇಶಕಾಂಡ. ಒನೇಸಿಮನನ್ನು ಕೂಡ ಪೌಲ ಕಳಿಸಿದ್ದು ಇವನನ್ನು ಸಹೋದರನೆಂದು ಸೇರಿಸಿಕೋ ಅಂತ.

ಆದರೂ ವಾಕ್ಯಗಳನ್ನು ಲೆಕ್ಕ ಹಾಕುತ್ತಾ ಕೂತರೆ ಒಡೆಯರ ಕಡೆಯ ವಾದವೇ ಸಲೀಸು. ಗುಲಾಮಗಿರಿಯನ್ನು ಮೆಚ್ಚದ ಆಂಡೋವರಿನ ದೊಡ್ಡ ಬೈಬಲ್ ಪಂಡಿತ ಮೋಸೆಸ್ ಸ್ಟುವರ್ಟ್ ಸಹ 1850ರಲ್ಲಿ, ಓಡಿಬಂದ ಗುಲಾಮರನ್ನು ಹಿಂದಿರುಗಿಸುವುದರ ಪರವಾಗಿಯೇ ಬರೆದ. ಪಾಂಡಿತ್ಯಕ್ಕೇನೂ ಕೊರತೆ ಇರಲಿಲ್ಲ ನೋಡಿ!

ಹಾಗಾದರೆ ಗುಲಾಮಗಿರಿ ವಿರೋಧಿಸಿದವರು ಶಾಸ್ತ್ರ ಮೀರಿದರಾ? ಅಥವಾ ಆ ಗ್ರಂಥವೇ ಕೆಲಸಕ್ಕೆ ಬಾರದ್ದಾ? ನಾನು ಎರಡನ್ನೂ ಒಪ್ಪಲ್ಲ. ಕಾರಣ ಒಬ್ಬ ಅಜ್ಜಿ.

ಹೊವರ್ಡ್ ಥರ್ಮನ್ ಎಂಬ ಕಪ್ಪು ಚಿಂತಕ 1949ರ ತಮ್ಮ ಪುಸ್ತಕದಲ್ಲಿ ತಮ್ಮ ಅಜ್ಜಿಯ ವಿಷಯ ಹೇಳುತ್ತಾರೆ. ಗುಲಾಮಳಾಗಿ ಹುಟ್ಟಿದ ಆಕೆಗೆ ಓದಲು ಬರದು, ಮೊಮ್ಮಗನೇ ಬೈಬಲ್ ಓದಿ ಹೇಳಬೇಕು. ಆದರೆ ಪೌಲನ ಪತ್ರಿಕೆಗಳನ್ನು ಓದಲು ಬಿಡುತ್ತಿರಲಿಲ್ಲ, ಯಾವಾಗಲಾದರೊಮ್ಮೆ ಕೊರಿಂಥದವರಿಗೆ ಬರೆದ ಪ್ರೀತಿಯ ಅಧ್ಯಾಯವೊಂದನ್ನು ಬಿಟ್ಟು. ಯಾಕೆ ಅಂದರೆ, ಒಡೆಯನ ಬಿಳಿ ಪಾದ್ರಿ ಬಂದಾಗಲೆಲ್ಲ ಪೌಲನ ಅದೇ ವಿಧೇಯತೆಯ ಮಾತನ್ನು ಬೋಧಿಸುತ್ತಿದ್ದ. ಬಿಡುಗಡೆಯಾದರೆ ಬೈಬಲಿನ ಆ ಭಾಗವನ್ನು ಮಾತ್ರ ಓದುವುದಿಲ್ಲ ಅಂತ ಆಕೆ ಶಪಥ ಮಾಡಿದ್ದರು.

ಅಜ್ಜಿಯೂ ಕತ್ತರಿ ಹಾಕಿದರಲ್ಲ, ಲಂಡನ್ನಿನವರಿಗೂ ಅವರಿಗೂ ಏನು ವ್ಯತ್ಯಾಸ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಲಂಡನ್ನಿನವರು ಕತ್ತರಿಸಿದ್ದು ಇನ್ನೊಬ್ಬರ ಬಿಡುಗಡೆಯನ್ನು. ಅಜ್ಜಿ ಪಕ್ಕಕ್ಕಿಟ್ಟದ್ದು ತನ್ನ ಬೆನ್ನಿಗೆ ಬಿದ್ದ ಚಾಟಿಯನ್ನು. ಆಕೆ ಬೈಬಲನ್ನು ಬಿಸಾಡಲಿಲ್ಲ, ಕಾರಣವನ್ನು ಮುಚ್ಚಿಡಲೂ ಇಲ್ಲ. ಎಲ್ಲರೂ ಆರಿಸಿಕೊಂಡೇ ಓದುವುದು. "ನಾನು ಆರಿಸುತ್ತಿಲ್ಲ, ಇರೋದನ್ನೇ ಹೇಳ್ತಿದೀನಿ" ಅನ್ನುವವರ ಬಗ್ಗೆ ಮಾತ್ರ ಸ್ವಲ್ಪ ಹುಷಾರಾಗಿರಬೇಕು.

1995ರಲ್ಲಿ ಅದೇ ದಕ್ಷಿಣದ ಬ್ಯಾಪ್ಟಿಸ್ಟರು ಗುಲಾಮಗಿರಿಯಲ್ಲಿ ತಮ್ಮ ಪಾಲನ್ನು ಒಪ್ಪಿ ಕ್ಷಮೆ ಕೇಳಿದರು. ಬೈಬಲಿನ ಒಂದಕ್ಷರವೂ ಬದಲಾಗಿರಲಿಲ್ಲ. 2023ರಲ್ಲಿ ಅದೇ ಸಂಸ್ಥೆ, ಹೆಣ್ಣುಮಗಳೊಬ್ಬರನ್ನು ಪಾದ್ರಿ ಮಾಡಿದ್ದಕ್ಕೆ ಸ್ಯಾಡಲ್‌ಬ್ಯಾಕ್ ಚರ್ಚನ್ನು ಹೊರಗಿಟ್ಟಿತು. ಹೆಂಗಸರು ಬೋಧಿಸಬಾರದು ಅನ್ನುವ ತಿಮೊಥೆಯನ ಪತ್ರಿಕೆ ಒಂದು ಕಡೆ, ಸಭೆಯ ಸೇವಕಿ ಫೊಯಿಬೆಯನ್ನು ಗೌರವದಿಂದ ಪರಿಚಯಿಸುವ ರೋಮಾಪುರದವರ ಪತ್ರಿಕೆ ಇನ್ನೊಂದು ಕಡೆ. ಜಗಳ ಮುಗಿದಿಲ್ಲ.

ಒಂದು ವಾಕ್ಯದ ಅರ್ಥ ಇದೇ ಅಂತ ತೀರ್ಮಾನಿಸುವ ಮುಂಚೆ, ಅದರ ಭಾರ ಯಾರ ಮೇಲೆ ಬೀಳುತ್ತೋ ಅವರ ಎದುರಿಗೆ ಕೂತು ಗಟ್ಟಿಯಾಗಿ ಓದಬೇಕು, ಆಮೇಲೆ ಅವರ ಮಾತನ್ನೂ ಕೇಳಬೇಕು. ಇಷ್ಟರಿಂದ ಗ್ರಂಥದ ಅಧಿಕಾರ ಕಡಿಮೆಯಾಗುತ್ತೆ ಅಂತ ನನಗನ್ನಿಸಲ್ಲ. ಕಡಿಮೆಯಾಗುವುದು ಅದರ ಹೆಸರಲ್ಲಿ ಮಾತಾಡುವವರ ಅಧಿಕಾರ, ಅಷ್ಟೇ. ಈ ಮಾತು ಬೈಬಲಿಗೆ ಮಾತ್ರವಲ್ಲ, ನಮ್ಮನಿಮ್ಮ ಮನೆಯ ಗ್ರಂಥಗಳಿಗೂ ಸಲ್ಲುತ್ತೆ.

ನೀವೇನಂತೀರಿ?