ಕೊಳೆ ಹೋದರೂ ಉಪ್ಪು ಉಳಿಯುತ್ತೆ

ತೈಲ ಬಾವಿಯ ಗಲೀಜು ನೀರಿಗೆ ಕಪ್ಪು ಪುಡಿ ಹಾಕಿ ಕಲಕುತ್ತಾರೆ. ಆಮೇಲೆ ಪಕ್ಕದಲ್ಲಿ ಆಯಸ್ಕಾಂತ ಹಿಡಿದರೆ ಪುಡಿಯೆಲ್ಲ ಒಂದು ಕಡೆ ಸೇರಿ ನೀರು ತಿಳಿಯಾಗುತ್ತೆ. ಇಂಥ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ತಂತ್ರಜ್ಞಾನ ನಿಜ. ಆದರೆ ತಿಳಿಯಾದ ಆ ನೀರನ್ನು ಹೊಲಕ್ಕೆ ಬಿಡಬಹುದು ಅನ್ನೋದನ್ನ ನಾನು ಒಪ್ಪಲ್ಲ.

ಆ ಪುಡಿ ಮ್ಯಾಗ್ನಟೈಟ್, ಅಂದ್ರೆ ಕಬ್ಬಿಣದ ಆಕ್ಸೈಡ್. ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿ ಬೆಳೆದ ಭದ್ರಾವತಿಗೆ ಕಬ್ಬಿಣ ಹೊಸದೇನಲ್ಲ ಬಿಡಿ; ಹೊಸದು ಕಣದ ಗಾತ್ರ. ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಚಿಕ್ಕದು. ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದಾಗ ಇದು ಎಣ್ಣೆ, ಫಿನಾಲ್‌ನಂಥ ಕೊಳೆಯನ್ನು ಒಡೆಯುತ್ತೆ. ಕಬ್ಬಿಣ ಮತ್ತು ಪೆರಾಕ್ಸೈಡಿನ ಈ ಗುಣವನ್ನು ಫೆಂಟನ್ 1894ರಲ್ಲೇ ಬರೆದಿದ್ದರು. ಹಳೇ ವಿಧಾನದಲ್ಲಿ ಕಬ್ಬಿಣ ಕೆಸರಾಗಿ ರಾಶಿ ಬೀಳುತ್ತಿತ್ತು. ಈಗ ಆಯಸ್ಕಾಂತದಿಂದ ಎಳೆದು ಮತ್ತೆ ಬಳಸಬಹುದು.

ಸಮಸ್ಯೆ ಇರೋದು ಉಪ್ಪಿನಲ್ಲಿ. ತೈಲದ ಜೊತೆ ಭೂಮಿಯಿಂದ ಮೇಲೆ ಬರುವ ನೀರು ಎಷ್ಟೋ ಕಡೆ ಸಮುದ್ರದ ನೀರಿಗಿಂತ ಉಪ್ಪು. ಈ ಪುಡಿ ಸೋಡಿಯಂ, ಕ್ಲೋರೈಡ್ ತೆಗೆಯಲ್ಲ. ಮೇಲಾಗಿ ಫೆಂಟನ್ ಕ್ರಿಯೆ ಚೆನ್ನಾಗಿ ನಡೆಯೋದು ಪಿಎಚ್ 3ರ ಆಸುಪಾಸಿನಲ್ಲಿ. ಅದಕ್ಕೆ ಮೊದಲು ಆಸಿಡ್ ಹಾಕಬೇಕು, ಆಮೇಲೆ ಸುಣ್ಣವೋ ಕಾಸ್ಟಿಕ್ ಸೋಡಾವೋ. ಉಪ್ಪು ಇನ್ನೂ ಏರುತ್ತೆ!

ನಮ್ಮಲ್ಲಿ ತೈಲ ಬಾವಿ ಎಲ್ಲಿದೆ ಅಂತೀರಾ? ಕಾರ್ಖಾನೆಗಳಿವೆಯಲ್ಲ. ಜನ್ನಾಪುರದ ಸುತ್ತ ನಾವು ಉಕ್ಕು, ಕಾಗದ ಎರಡನ್ನೂ ನೋಡಿದವರು. ಕೆಳಗೆ ಕೂಡ್ಲಿಯಲ್ಲಿ ತುಂಗೆ ಸೇರುವವರೆಗೂ ಭತ್ತಕ್ಕೆ, ಅಡಿಕೆಗೆ ಇದೇ ಭದ್ರೆ. ನಾಳೆ ಯಾವುದೋ ಕಂಪನಿಯವರು ಬಂದು "ನ್ಯಾನೋ ಸಂಸ್ಕರಿಸಿದ ನೀರು, ಪುಕ್ಕಟೆ ತಗೊಳ್ಳಿ" ಅಂದರೆ ಬಣ್ಣ, ವಾಸನೆ ನೋಡಿ ಪೈಪ್ ಎಳೀಬೇಡಿ. ಇಸಿ, ಎಸ್‌ಎಆರ್, ಭಾರಲೋಹದ ವರದಿ ಕೇಳಿ. ಇಸಿ 0.7 ಡೆಸಿಸೀಮನ್ಸ್ ಒಳಗಿದ್ದರೆ ಉಪ್ಪಿನ ಚಿಂತೆಯಿಲ್ಲ. 3 ದಾಟಿದರೆ ಹೆಚ್ಚಿನ ಬೆಳೆಗೆ ಬೇಡ. ಬೀನ್ಸ್‌ನಂಥ ಸೂಕ್ಷ್ಮ ಬೆಳೆ 0.7 ದಾಟುತ್ತಲೇ ಇಳುವರಿ ಬಿಡೋಕೆ ಶುರು ಮಾಡುತ್ತೆ. ಸೋಡಿಯಂ ಕೂತ ಮಣ್ಣು ಗಟ್ಟಿಯಾಗಿ ನೀರನ್ನೇ ಇಳಿಸಲ್ಲ. ಆಮೇಲೆ ಎಷ್ಟು ಜೀವಾಮೃತ ಸುರಿದರೂ ಆ ಸೋಡಿಯಂ ಹೋಗಲ್ಲ. ಜಿಪ್ಸಮ್ ಹಾಕಿ, ಒಳ್ಳೇ ನೀರಲ್ಲಿ ತೊಳೆದು ಬಸಿಯಬೇಕು.

ಈ ಪುಡಿಯ ಜಾಗ ಕಾರ್ಖಾನೆಯ ಕೊಳವೆ ಬಾಯಿ, ನಮ್ಮ ಕೃಷಿ ಹೊಂಡವಲ್ಲ. ತಿಳಿಯಾದ ನೀರನ್ನು ಮೊದಲು ಅವರೇ ಒಳಗೆ ಬಳಸಲಿ. ಹೊರಗೆ ಕೊಡುವುದಾದರೆ ಉಪ್ಪು ತೆಗೆದು ಕೊಡಲಿ. ಅವರ ವರದಿಯೊಂದನ್ನೇ ನಂಬಿ ಕೂರಬೇಡಿ. ಅದೇ ನೀರಲ್ಲಿ ಮೂರು ಸಲ ತೊಳೆದ ಬಾಟಲಿಯಲ್ಲಿ ಒಂದು ಲೀಟರ್ ಹಿಡಿದು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ನೀವೇ ಪರೀಕ್ಷೆಗೆ ಕೊಡಿ.