ನಮ್ಮ ಪಹಣಿ ಅವರು ನೋಡ್ತಾರೆ, ಅವರದು ನಾವು ನೋಡಬೇಡವೇ?

ಹೋದ ವರ್ಷ ಯುಗಾದಿ ಕಳೆದ ಮೇಲೆ ನಮ್ಮೂರಿಗೆ ಒಬ್ಬ ನುಗ್ಗೆ ಕಂಪನಿಯವನು ಬಂದ. ನಂಜನಗೂಡು ತಾಲ್ಲೂಕಿನ ಕವಲಂದೆ ಕಡೆ ಮಳೆಯಾಶ್ರಿತ ಹೊಲ ನಮ್ಮದು. ಮಳೆ ಬಂದರೆ ಹತ್ತಿ, ಜೋಳ, ಹುರುಳಿ. ಬರದಿದ್ದರೆ ಕೂಲಿ. ತಿ.ನರಸೀಪುರದ ನಾಲೆ ಬಯಲಿನವರಿಗೆ ಭತ್ತ, ಕಬ್ಬು ಅಂತ ಒಂದು ನೆಲೆ ಇದೆ, ಇಂಥವರ ಮಾತಿಗೆ ಅವರು ಬೇಗ ಬಗ್ಗಲ್ಲ. ಅದಕ್ಕೇ ಇವರು ಹುಡುಕಿಕೊಂಡು ನಮ್ಮ ಬಾಗಿಲಿಗೇ ಬರುವುದು.

ಸಸಿಗೆ 40 ರೂಪಾಯಿ, ಎಕರೆಗೆ 400 ಸಸಿ. ಒಣಗಿಸಿದ ಎಲೆಯನ್ನು ಕಿಲೋಗೆ 150ರಂತೆ ಐದು ವರ್ಷ ಅವರೇ ಕೊಳ್ಳುತ್ತಾರಂತೆ. ‘ಯಜಮಾನ್ರೆ, ನಮ್ದು ಸೆಂಟ್ರಲ್ ಗೌರ್ಮೆಂಟಲ್ಲಿ ರಿಜಿಸ್ಟರ್ ಆಗಿರೋ ಕಂಪನಿ’ ಅಂತ ಪ್ಲಾಸ್ಟಿಕ್ ಹಾಕಿಸಿದ ಒಂದು ಬಣ್ಣದ ಸರ್ಟಿಫಿಕೇಟು ತೋರಿಸಿದ.

ಇಂಥ ಕಾಗದ ನಾನು ಮೊದಲೇ ನೋಡಿದವನು. 2008ರಲ್ಲಿ ಲೋಳೆಸರ ಬೆಳೆಸಿ, ನಾವೇ ಕೊಳ್ಳುತ್ತೇವೆ ಅಂತ ಒಬ್ಬರು ಬಂದಿದ್ದರು. ಒಂದು ಎಕರೆಗೆ ಹಾಕಿದೆ. ಬೆಳೆ ಚೆನ್ನಾಗೇ ಬಂತು, ಕೊಳ್ಳುವವರು ಬರಲಿಲ್ಲ. ವಿಳಾಸ ಹಿಡಿದು ಮೈಸೂರಿಗೆ ಹೋದರೆ ಆ ಜಾಗದಲ್ಲಿ ದರ್ಜಿ ಅಂಗಡಿ. ದನಾನೂ ತಿನ್ನಲಿಲ್ಲ ಆ ಲೋಳೆಸರ. ಆ ಸಾಲ ತೀರಿಸಲು ಎರಡು ವರ್ಷ ಹಿಡಿಯಿತು.

ನಾನೊಬ್ಬನೇ ದಡ್ಡ ಅಲ್ಲ. 1998ರಲ್ಲಿ ಚೆನ್ನೈನ ಅನುಭವ್ ಪ್ಲಾಂಟೇಶನ್ಸ್ ತೇಗದ ಮರದ ಹೆಸರಿನಲ್ಲಿ ದುಡ್ಡು ಕಟ್ಟಿಸಿಕೊಂಡು ಮುಳುಗಿತು. 2012ರಲ್ಲಿ ಈರೋಡ್ ಹತ್ತಿರದ ಪೆರುಂದುರೈನಲ್ಲಿ ಎಮು ಹಕ್ಕಿ ಕಂಪನಿ ಬಿದ್ದುಹೋಯಿತು. ಪಿಎಸಿಎಲ್ ಅನ್ನುವ ಕಂಪನಿ ಜಮೀನು ಕೊಡಿಸುತ್ತೇವೆ ಅಂತ ದೇಶದ ಕೋಟ್ಯಂತರ ಜನರಿಂದ 49 ಸಾವಿರ ಕೋಟಿಗೂ ಮೇಲೆ ಎತ್ತಿತ್ತು. ವಾಪಸು ಕೊಡಿ ಅಂತ ಸೆಬಿ 2014ರಲ್ಲಿ ಆದೇಶ ಮಾಡಿತು. ಇವರ ಹತ್ತಿರವೂ ನೋಂದಣಿ ಕಾಗದಕ್ಕೆ ಬರ ಇರಲಿಲ್ಲ.

ಈ ಸಲ ನನ್ನ ತಮ್ಮನ ಮಗ ಊರಲ್ಲಿದ್ದ. ‘ದೊಡ್ಡಪ್ಪ, ಸರ್ಟಿಫಿಕೇಟಲ್ಲಿ ಸಿಐಎನ್ ನಂಬರ್ ಇರತ್ತೆ, ಹೇಳು ನೋಡಣ’ ಅಂದ. 21 ಅಕ್ಷರದ ನಂಬರು ಅದು. ಕಂಪನಿಯವರು ತಮ್ಮ ಲೆಟರ್‌ಹೆಡ್ಡಿನಲ್ಲಿ ಈ ನಂಬರು ಹಾಕಲೇಬೇಕು ಅಂತ 2013ರ ಕಂಪನಿ ಕಾಯ್ದೆಯಲ್ಲೇ ಇದೆ. ಅದನ್ನು ಓದುವುದು ಕಷ್ಟ ಅಲ್ಲ. ಮೊದಲ ಅಕ್ಷರ ‘ಯು’ ಅಂದರೆ ಶೇರುಪೇಟೆಯಲ್ಲಿ ಇಲ್ಲದ ಕಂಪನಿ, ‘ಎಲ್’ ಅಂದರೆ ಇರುವುದು. ಆಮೇಲಿನ ಐದು ಅಂಕಿ ಏನು ಕಸುಬು ಅಂತ, 01ರಿಂದ ಶುರುವಾದರೆ ಬೇಸಾಯ. ಆಮೇಲೆ ರಾಜ್ಯ, ‘ಕೆಎ’ ಅಂದರೆ ನಮ್ಮದು. ಅದರ ಹಿಂದೆಯೇ ಹುಟ್ಟಿದ ಇಸವಿ.

ಇವನ ಕಂಪನಿಯದು 62ರಿಂದ ಶುರು. ಕಂಪ್ಯೂಟರ್ ಕೆಲಸವಂತೆ. ಹುಟ್ಟಿ ಏಳು ತಿಂಗಳು.

ಹುಡುಗ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಅದರ ವಿವರ ತೆಗೆದ. ಎಂಸಿಎ ಅಂತ ಹುಡುಕಿದರೆ ಸಿಗುತ್ತದೆ. ನೋಡುತ್ತಾ ಹೋದಂತೆ ನನಗೆ ಅನಿಸಿದ್ದು, ಇದು ಕಂಪನಿಯ ಪಹಣಿ ಕಣಪ್ಪಾ! ನಮ್ಮ ಪಹಣಿಯ 11ನೇ ಕಾಲಂನಲ್ಲಿ ಸಾಲ ಕಾಣುವ ಹಾಗೆ, ಅಲ್ಲಿ ‘ಚಾರ್ಜ್’ ಅನ್ನುವ ಕಡೆ ಕಂಪನಿ ಆಸ್ತಿ ಅಡವಿಟ್ಟ ಸಾಲ ಕಾಣುತ್ತದೆ. ಕಚೇರಿ ವಿಳಾಸ, ಕೊನೆಯ ಮಹಾಸಭೆ ಯಾವಾಗ, ಕೊನೆಯ ಲೆಕ್ಕಪತ್ರ ಯಾವ ವರ್ಷದ್ದು, ಕಂಪನಿ ಜೀವಂತ ಇದೆಯೋ ಹೆಸರು ಹೊಡೆದುಹಾಕಿದ್ದಾರೋ, ಎಲ್ಲ ಇದೆ. 2017ರಲ್ಲಿ ಸರ್ಕಾರ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ಹೊಡೆದುಹಾಕಿತು. ಪೂರ್ತಿ ಲೆಕ್ಕಪತ್ರ ಬಿಚ್ಚಿ ನೋಡಬೇಕಾದರೆ ನೂರು ರೂಪಾಯಿ ಶುಲ್ಕ. ಮೂರು ಸಸಿ ದುಡ್ಡೂ ಅಲ್ಲ.

ಬಂಡವಾಳ ಎರಡು ಥರ ಬರೆದಿರುತ್ತಾರೆ, ಹುಷಾರು. ‘ಅಧಿಕೃತ’ ಅಂದರೆ ಎಲ್ಲಿವರೆಗೆ ಎತ್ತಬಹುದು ಅಂತ. ‘ಪಾವತಿಯಾದದ್ದು’ ಅಂದರೆ ನಿಜಕ್ಕೂ ಹಾಕಿರುವ ದುಡ್ಡು. ಇವರದು ಪಾವತಿಯಾದದ್ದು ಒಂದೇ ಲಕ್ಷ. ಎಕರೆಗೆ ವರ್ಷಕ್ಕೆ ಒಂದು ಟನ್ ಒಣ ಎಲೆ ಬರುತ್ತದೆ, 200 ಎಕರೆ ಮಾಡಿಸುತ್ತೇವೆ ಅಂತ ಅವನೇ ಹೇಳಿದ್ದ. ಲೆಕ್ಕ ಹಾಕಿ, ಮೂರು ಕೋಟಿ. ನಾನು ಏಳನೇ ಕ್ಲಾಸು, ಆದರೂ ಈ ಲೆಕ್ಕ ಬರುತ್ತದೆ.

ಒಂದು ಲಕ್ಷದಲ್ಲಿ ಶುರುಮಾಡಿದವರೆಲ್ಲ ಮೋಸಗಾರರು ಅಂತ ನಾನು ಹೇಳಲ್ಲ. ಸಾಲ ತಂದು ವ್ಯಾಪಾರ ಮಾಡುವವರಿದ್ದಾರೆ. ಹಾಗೇ ನೋಂದಣಿ ಆಗಿದೆ ಅಂದಾಕ್ಷಣ ಸಾಚಾ ಅಂತಲೂ ಅಲ್ಲ. ಆ ಸರ್ಟಿಫಿಕೇಟು ಕಂಪನಿಯ ಜನನ ಪತ್ರ ಅಷ್ಟೆ. ಮಗು ಹುಟ್ಟಿದೆ ಅಂತ ಹೇಳುತ್ತದೆ, ಬುದ್ಧಿವಂತ ಅಂತ ಹೇಳಲ್ಲ. ಇನ್ನು ಬರೀ ‘ಎಂಟರ್‌ಪ್ರೈಸಸ್’ ಅಂತ ಬೋರ್ಡು ಹಾಕಿಕೊಂಡ ಒಬ್ಬರ ವ್ಯಾಪಾರ ಈ ಪಟ್ಟಿಯಲ್ಲಿ ಸಿಗುವುದೇ ಇಲ್ಲ. ಅವರ ಜಿಎಸ್‌ಟಿ ನಂಬರು ಕೇಳಿ ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹುಡುಕಬಹುದು. 29ರಿಂದ ಶುರುವಾದರೆ ಕರ್ನಾಟಕ, 33 ತಮಿಳುನಾಡು. ಹಸಿ ತರಕಾರಿ, ಸಸಿ ಮಾರುವವರಿಗೆ ಜಿಎಸ್‌ಟಿ ಇಲ್ಲದೆಯೂ ಇರಬಹುದು, ಅಷ್ಟಕ್ಕೇ ಕಳ್ಳ ಅನ್ನಬಾರದು. ದುಡ್ಡು ಕಟ್ಟಿ, ಡಬಲ್ ಕೊಡ್ತೀವಿ ಅನ್ನುವವರಿಗೆ ಮಾತ್ರ ರಿಸರ್ವ್ ಬ್ಯಾಂಕಿನ ‘ಸಚೇತ್’ ಅನ್ನುವ ವೆಬ್‌ಸೈಟಿದೆ. ಠೇವಣಿ ಎತ್ತಲು ಅನುಮತಿ ಇದೆಯೋ ಅಂತ ನೋಡಬಹುದು, ದೂರೂ ಕೊಡಬಹುದು.

ಹುಡುಗನ ಕೈಯಲ್ಲಿ ಫೋನಿದ್ದಾಗಲೇ ಇನ್ನೊಂದು ತೆಗೆಸಿದೆ. ಸಾವಿರ ರೂಪಾಯಿ ಶೇರು ಹಾಕಿರುವ ನಮ್ಮದೇ ರೈತ ಉತ್ಪಾದಕ ಕಂಪನಿಯದು. ಅದೂ ಕಂಪನಿಯೇ ತಾನೆ? ಎರಡು ವರ್ಷದ ಲೆಕ್ಕಪತ್ರ ಸಲ್ಲಿಸೇ ಇಲ್ಲ! ಮೂರು ವರ್ಷ ಹಾಗೇ ಬಿಟ್ಟರೆ ನಿರ್ದೇಶಕರು ಅನರ್ಹರಾಗುತ್ತಾರೆ. ಸಭೆಯಲ್ಲಿ ಎದ್ದು ಕೇಳಿದೆ. ‘ಆಡಿಟರ್ ಹತ್ರ ಇದೆ’ ಅಂದರು. ಕದ್ದಿದ್ದಾರೆ ಅಂತ ನನ್ನ ಮಾತಲ್ಲ, ಅಸಡ್ಡೆ. ಹೊರಗಿನವನನ್ನು ಅನುಮಾನದಿಂದ ನೋಡುವ ನಾವು ನಮ್ಮವರ ಲೆಕ್ಕ ಕೇಳಲು ಸಂಕೋಚಪಡುತ್ತೇವೆ.

ನನ್ನ ತಕರಾರು ಸರ್ಕಾರದ ಮೇಲೂ ಇದೆ. ಭೂಮಿ ಯೋಜನೆ ಬಂದ ಮೇಲೆ ನನ್ನ ಪಹಣಿ ಕನ್ನಡದಲ್ಲಿ, ಬೆಂಗಳೂರಲ್ಲಿ ಕೂತವನಿಗೂ ಕಾಣುತ್ತದೆ. ನುಗ್ಗೆಯವನು ಬಂದಾಗ ನಮ್ಮ ಸರ್ವೆ ನಂಬರು, ಎಕರೆ ಎಲ್ಲ ಅವನ ಫೋನಿನಲ್ಲೇ ಇತ್ತು. ಅವನ ವಿವರ ನಾನು ಓದಬೇಕಾದರೆ ಇಂಗ್ಲಿಷು ಬಲ್ಲ ಹುಡುಗ ಊರಲ್ಲಿರಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಬೀಜ, ಔಷಧಿ ಕೊಡುವಾಗಲೇ ಇದನ್ನೂ ಒಬ್ಬರು ತೆಗೆದು ಓದಿ ಹೇಳಿದರೆ ಏನು ಗಂಟು ಹೋಗುತ್ತದೆ? ಬಾಂಡ್ ಬರೆಯುವ ಕಂಪನಿಯ ಸಿಐಎನ್ ನಂಬರನ್ನು ಗ್ರಾಮ ಪಂಚಾಯಿತಿಯ ಗೋಡೆ ಮೇಲೆ ಅಂಟಿಸಲಿ.

ನುಗ್ಗೆಯವನಿಗೆ ನಾನು ಕೇಳಿದ್ದು ಒಂದೇ: ಸಸಿಗೆ ಅರ್ಧ ದುಡ್ಡು ಈಗ, ಉಳಿದದ್ದು ಮೊದಲ ಎಲೆ ಕೊಂಡಾಗ ಹಿಡಿದುಕೊಳ್ಳಿ. ಆಫೀಸಲ್ಲಿ ಕೇಳಿ ಹೇಳ್ತೀನಿ ಅಂತ ಹೋದವನು ನನ್ನ ಮನೆಗೆ ತಿರುಗಿ ಬರಲಿಲ್ಲ. ಪಕ್ಕದ ಹೊಲದವನು ಪೂರ್ತಿ ಕೊಟ್ಟು ಒಂದೂವರೆ ಎಕರೆಗೆ ಹಾಕಿದ್ದಾನೆ. ಗಿಡ ಆಳೆತ್ತರ ಬಂದಿದೆ, ಎರಡು ಸಲ ಎಲೆ ಒಣಗಿಸಿ ಮೂಟೆ ಕಟ್ಟಿ ಜಗುಲಿ ಮೇಲೆ ಇಟ್ಟಿದ್ದಾನೆ. ಮುಂದಿನ ವಾರ ಗಾಡಿ ಕಳಿಸ್ತೀವಿ ಅಂದಿದ್ದಾರಂತೆ.