ಕರುಳಿಗೆ ಒಂದು ಹೊಲಿಗೆ ಸಾಕೇ, ಎರಡು ಬೇಕೇ?

ಶಿರ್ತಾಡಿಯ ಸುತ್ತಲಿನ ತೋಟ, ಗುಡ್ಡಗಳಲ್ಲಿ ಆಡುವ ಮಕ್ಕಳಿಗೆ ಕೆಂಚಿರುವೆಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಕಚ್ಚಿದ ಇರುವೆಯನ್ನು ಎಳೆದರೆ ಕೆಲವೊಮ್ಮೆ ಮೈ ಮಾತ್ರ ಕಿತ್ತು ಬರುತ್ತದೆ. ತಲೆ ಚರ್ಮವನ್ನು ಹಿಡಿದೇ ಇರುತ್ತದೆ. ಇಂಥ ಹಿಡಿತವನ್ನು ವೈದ್ಯರು ಬಹು ಹಿಂದೆಯೇ ಬಳಸಿಕೊಂಡಿದ್ದರು. ಸೀಳಿದ ಕರುಳಿನ ಅಂಚುಗಳನ್ನು ಜೋಡಿಸಿ, ಕರಿ ಇರುವೆಗಳಿಂದ ಕಚ್ಚಿಸಿ, ತಲೆಗಳನ್ನಷ್ಟೇ ಉಳಿಸುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ.

ಕರುಳನ್ನು ಕತ್ತರಿಸಿ ಜೋಡಿಸುವ ಸಂದರ್ಭ ಇಂದಿಗೂ ಬರುತ್ತದೆ. ಟೈಫಾಯ್ಡ್‌ನಿಂದ ತೂತಾಗಬಹುದು, ಕ್ಷಯದಿಂದ ದಾರಿ ಕಿರಿದಾಗಬಹುದು, ಹರ್ನಿಯಾದಲ್ಲಿ ಸಿಕ್ಕಿಕೊಂಡು ಕೊಳೆಯಬಹುದು, ಕ್ಯಾನ್ಸರ್ ಬರಬಹುದು. ಕೆಟ್ಟ ಭಾಗವನ್ನು ತೆಗೆದ ಮೇಲೆ ಉಳಿದ ಎರಡು ತುದಿಗಳನ್ನು ಸೇರಿಸಬೇಕು. ಅಡಿಕೆ ತೋಟದ ಪೈಪು ಸೋರಿದರೆ ನೀರು ಮಣ್ಣಿಗೆ ಹೋಗುತ್ತದೆ, ಅಷ್ಟೆ. ಕರುಳಿನ ಜೋಡಣೆ ಸೋರಿದರೆ ಹೊಟ್ಟೆಯೆಲ್ಲ ನಂಜಾಗಿ ಜೀವಕ್ಕೇ ಅಪಾಯ.

ಹಾಗಾದರೆ ಹೊಲಿಯುವುದು ಹೇಗೆ? 1826ರಲ್ಲಿ ಫ್ರಾನ್ಸಿನ ಆಂತ್ವಾನ್ ಲ್ಯಾಂಬೇರ್ ಒಂದು ಉಪಾಯ ತೋರಿಸಿದ. ಅಂಚುಗಳನ್ನು ಒಳಕ್ಕೆ ಮಡಚಿ, ಕರುಳಿನ ನುಣುಪಾದ ಹೊರಪೊರೆಗಳು ಒಂದಕ್ಕೊಂದು ತಾಗುವಂತೆ ಹೊಲಿದರೆ ಅವು ಬೇಗ ಅಂಟಿಕೊಳ್ಳುತ್ತವೆ. 1887ರಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಇನ್ನೊಂದು ಸಂಗತಿ ತಿಳಿಸಿದ. ದಾರಕ್ಕೆ ಆಧಾರ ಕೊಡುವುದು ಒಳಗಿನ ಲೋಳೆಪೊರೆಯಲ್ಲ, ಅದಕ್ಕೆ ತಾಗಿಕೊಂಡಿರುವ ಗಟ್ಟಿ ಪದರ. ಸೂಜಿ ಅದನ್ನು ಹಿಡಿಯಲೇಬೇಕು.

ಒಳಗೊಂದು ಸಾಲು, ಹೊರಗೊಂದು ಸಾಲು, ಹೀಗೆ ಎರಡು ಸಾಲು ಹೊಲಿದರೆ ಭದ್ರ ಎಂಬ ನಂಬಿಕೆ ಬಹುಕಾಲ ಇತ್ತು. ಗೋಣಿಚೀಲದ ಬಾಯಿಗಾದರೆ ಈ ಲೆಕ್ಕ ಸರಿ. ಆದರೆ ಕರುಳು ಜೀವಂತ ವಸ್ತು. ಹೊಲಿಗೆ ಹೆಚ್ಚಿದಷ್ಟೂ ಅಂಚಿನ ರಕ್ತಸಂಚಾರ ಕುಗ್ಗಬಹುದು, ಒಳದಾರಿ ಇಕ್ಕಟ್ಟಾಗಬಹುದು.

ವಾದ ಬಿಟ್ಟು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಡೆನ್ವರ್‌ನ ವೈದ್ಯರು 132 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಫಲಿತಾಂಶವನ್ನು 2000ದಲ್ಲಿ ಪ್ರಕಟಿಸಿದರು. ಒಂದೇ ಸಾಲಿನ ಹೊಲಿಗೆ ಹಾಕಿದ 65 ಮಂದಿಯಲ್ಲಿ ಇಬ್ಬರಿಗೆ, ಎರಡು ಸಾಲಿನ 67 ಮಂದಿಯಲ್ಲಿ ಒಬ್ಬರಿಗೆ ಜೋಡಣೆ ಸೋರಿತು. ಇದು ದೊಡ್ಡ ವ್ಯತ್ಯಾಸವೇನಲ್ಲ. ಸಮಯ ಮಾತ್ರ ಸುಮಾರು 31 ನಿಮಿಷದಿಂದ 21ಕ್ಕೆ ಇಳಿಯಿತು. ದಾರದ ಖರ್ಚೂ ಬಹಳ ಕಡಿಮೆಯಾಯಿತು.

ಈಗ ಸ್ಟೇಪ್ಲರ್ ಕೂಡ ಇದೆ. ಹಂಗೇರಿಯ ಹ್ಯೂಮರ್ ಹುಲ್ಟ್ಲ್ 1908ರಲ್ಲಿ ಬಳಸಿದ ಯಂತ್ರ ಅದರ ಹಿರಿಯಜ್ಜ. ಲೋಹದ ಸಣ್ಣ ಕೊಂಡಿಗಳು ಸಾಲಾಗಿ ಕಚ್ಚಿ ಹಿಡಿಯುತ್ತವೆ. ಇರುವೆಯ ಉಪಾಯವೇ ಹೊಸ ರೂಪದಲ್ಲಿ ಬಂದಂತಾಯಿತು! ಕೈಹೊಲಿಗೆಗಿಂತ ಬೇಗ ಮುಗಿಯುತ್ತದೆ, ಖರ್ಚು ಹೆಚ್ಚು.

ವಿದ್ಯಾರ್ಥಿಗಳು ಗಮನಿಸಬೇಕಾದ ಮಾತು ಒಂದಿದೆ. ದಾರವಾಗಲಿ ಕೊಂಡಿಯಾಗಲಿ ಕರುಳನ್ನು ಕೂಡಿಸುವುದಿಲ್ಲ. ಕೂಡುವ ತನಕ ಹಿಡಿದುಕೊಂಡಿರುತ್ತದೆ. ಕೂಡಿಸುವುದು ದೇಹವೇ. ಅದಕ್ಕೆ ಅಂಚಿಗೆ ಒಳ್ಳೆಯ ರಕ್ತ ಬೇಕು, ಎಳೆತ ಇರಬಾರದು, ರೋಗಿಯ ಮೈಯಲ್ಲಿ ಸತ್ವ ಇರಬೇಕು.

ಮನೆಯವರ ಪಾಲೂ ಇಲ್ಲೇ ಇದೆ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲ, ವಾಯು ನಿಂತರೆ, ಅಥವಾ ಹರ್ನಿಯಾದ ಗಂಟು ನೋವಾಗಿ ಒಳಗೆ ಹೋಗದಿದ್ದರೆ, ಕಷಾಯ ಕುಡಿಸುತ್ತ ಬೆಳಗಿನವರೆಗೆ ಕಾಯಬಾರದು. ಕೊಡಲೇ ಆಸ್ಪತ್ರೆ ಸೇರಿದರೆ ಕರುಳಿನಲ್ಲಿ ಜೀವ ಉಳಿದಿರುತ್ತದೆ. ಕೊಳೆತ ಅಂಚಿಗೆ ಎಷ್ಟು ಸಾಲು ಹೊಲಿದರೂ ಅದು ಕೂಡುವುದಿಲ್ಲ.